ತಟ್ಟಿಯ ಆಚೆ ನಾಲ್ಕು ಹೊಸ ಕೋಳಿ

ಹಿರೇಗುತ್ತಿಯಲ್ಲಿ ದೇವಿ ಎಂಬ ಹೆಂಗಸಿನ ಮನೆಯಂಗಳದಲ್ಲಿ ಏಳು ಹೇಂಟೆ, ಒಂದು ಹುಂಜ ಇದ್ದವು. ಎಲ್ಲಕ್ಕೂ ವಯಸ್ಸಾಗಿತ್ತು. ವಾರಕ್ಕೆ ಎರಡು ಮೊಟ್ಟೆ ಸಿಕ್ಕಿದರೆ ಹೆಚ್ಚು. ಆ ವರ್ಷ, ಅಂದರೆ ಸಾವಿರದ ಒಂಬೈನೂರ ಅರವತ್ತನಾಲ್ಕರಲ್ಲಿ, ಮಗಳು ಅಂಬಾ ನಾಲ್ಕು ತಿಂಗಳ ಬಸುರಿಯಾಗಿ ತವರಿಗೆ ಬಂದಳು. ಡಾಕ್ಟರು ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ, "ರಕ್ತ ಕಡಿಮೆ ಇದೆ. ಗುಳಿಗೆ ತಪ್ಪಿಸಬೇಡಿ. ಸೊಪ್ಪು, ಮೀನು ಕೊಡಿ, ದಿನಕ್ಕೊಂದು ಮೊಟ್ಟೆ ಕೊಡಿ" ಎಂದರು.

ದೇವಿ ಕುಮಟೆಯ ಸಂತೆಗೆ ಹೋಗಿ ಮೂರು ತಿಂಗಳ ಆರು ಹೇಂಟೆ ಮರಿ ತಂದಳು. ಅಂದು ಸಂಜೆಯೇ ಹಳೆಯ ಕೋಳಿಗಳ ಗೂಡಿಗೆ ಬಿಟ್ಟು ಬಾಗಿಲು ಹಾಕಿದಳು.

ಬೆಳಿಗ್ಗೆ ಬಾಗಿಲು ತೆಗೆದಾಗ ಎರಡು ಮರಿ ಸತ್ತು ಬಿದ್ದಿದ್ದವು. ಇನ್ನೊಂದರ ನೆತ್ತಿ ಕಿತ್ತು ರಕ್ತ ಸೋರುತ್ತಿತ್ತು. ಉಳಿದ ಮೂರು ಮೂಲೆಯಲ್ಲಿ ಒಂದರ ಮೇಲೊಂದು ಮುದುರಿದ್ದವು. ದೇವಿ ಅಲ್ಲೇ ಕುಕ್ಕರಿಸಿದಳು.

ಅತ್ತೆ ಸುಬ್ಬಿ ಜಗಲಿಯಿಂದಲೇ ಹೇಳಿದಳು: "ಕೋಳಿ ಜಾತಿಯೇ ಹಾಂಗೆ. ತಾಳ್ಕಂಡದ್ದು ಉಳೀತದೆ, ಇಲ್ದಿದ್ದದ್ದು ಸಾಯ್ತದೆ. ನಾವು ಎಂತ ಮಾಡೂಕೆ ಆತದೆ?"

"ಉಳ್ದ ನಾಲ್ಕೂ ಸತ್ರೆ ಅಂಬಾಗೆ ಎಂತ ಕೊಡೂದು, ಅತ್ತೆ?"

ಈ ಮಾತು ಪಕ್ಕದ ಮನೆಯ ಶನಿಯಾರನ ಕಿವಿಗೆ ಬಿತ್ತು. ಅವನು ಸರ್ಕಾರದ ಕೋಳಿ ಕೇಂದ್ರವೊಂದರಲ್ಲಿ ಐದು ವರ್ಷ ದುಡಿದು ಬಂದವನು. ಬೇಲಿ ದಾಟಿ ಬಂದು ಗೂಡಿಗೆ ಕೈ ಹಾಕಿದ.

"ಮೊದ್ಲು ಇವನ್ನ ಬೇರೆ ಇಡು, ತಂಗಿ. ಗಾಯ ಆದದ್ದನ್ನ ಒಂದನ್ನೇ ಇಡು. ರಕ್ತ ಕಂಡ್ರೆ ಉಳ್ದ ಮರಿಗಳೇ ಅದನ್ನ ಕುಕ್ತವೆ."

ಇಬ್ಬರೂ ಗಾಯವನ್ನು ಉಪ್ಪುನೀರಿನಲ್ಲಿ ತೊಳೆದು ಅರಿಶಿನ ಹಚ್ಚಿದರು.

"ನಾನು ಎಂತ ತಪ್ಪು ಮಾಡ್ದೆ, ಅಣ್ಣ?"

"ಯಾರು ಮೊದ್ಲು ತಿನ್ನೂದು, ಯಾರು ಎಲ್ಲಿ ಕೂರೂದು ಅಂತ ಕೋಳಿಗಳಲ್ಲಿ ಒಂದು ಕಟ್ಟು ಇರ್ತದೆ. ಗುರ್ತಿಲ್ದವು ಒಂದೇ ಸಲ ಒಳಗೆ ಬಂದ್ರೆ ಆ ಕಟ್ಟು ತಪ್ತದೆ, ಅದ್ಕೇ ಕುಕ್ಕೂದು. ಬಾಗ್ಲು ಹಾಕಿದ್ರೆ ಮರಿ ಎಲ್ಲಿಗೆ ಓಡ್ತದೆ? ಮತ್ತೆ ಸಂತೆ ಕೋಳಿ ಜಡ್ಡು ತಂದಿದ್ರೂ ತಂದಿರ್ಬಹುದು. ಹದಿನೈದು ದಿನ ದೂರ ಇಟ್ಟು, ಮೂಗು ಸೋರ್ತದ್ಯಾ, ತೂಕಡಿಸ್ತದ್ಯಾ ನೋಡು. ದಿನಾ ಹಳೇ ಕೋಳಿಗೆ ಮೊದ್ಲು ಕಾಳು ಹಾಕು, ಆಮೇಲೆ ಹೊಸ್ದರ ಹತ್ರ ಹೋಗು. ಕೈ ತೊಳ್ಕೊ."

"ಹದಿನೈದು ದಿನ ಆದ್ಮೇಲೆ?"

"ನಡುವೆ ಬಿದಿರು ತಟ್ಟಿ ಕಟ್ಟು. ಒಂದಕ್ಕೊಂದು ಕಾಣ್ಬೇಕು, ಕುಕ್ಕೂಕೆ ಆಗ್ಬಾರ್ದು. ಮರಿ ಬೆಳ್ದು ಹೆಚ್ಚುಕಮ್ಮಿ ದೊಡ್ಡ ಕೋಳಿಯಷ್ಟಾದ್ಮೇಲೆ ಬಿಡೂದು."

ಸುಬ್ಬಿ ನಕ್ಕಳು. "ಕೋಳಿಗೆ ಗುರ್ತ ಮಾಡ್ಸೂದಂತೆ. ನನ್ನ ಕಾಲ್ದಲ್ಲಿ ಇದೆಲ್ಲ ಇರ್ಲಿಲ್ಲ."

"ನಿಮ್ಮ ಕಾಲ್ದಲ್ಲಿ ಎಷ್ಟು ಮರಿ ಹೀಂಗೆ ಸತ್ತವು, ಅಬ್ಬೆ?"



ಮರಿಗಳು ಹದಿನೈದು ದಿನ ಸೌದೆ ಕೊಟ್ಟಿಗೆಯಲ್ಲಿ ಇದ್ದವು. ಜಡ್ಡು ಕಾಣಲಿಲ್ಲ, ನೆತ್ತಿಯ ಗಾಯವೂ ಒಣಗಿತು. ದೇವಿಯ ಗಂಡ ಮಾಬ್ಲೇಶ್ವರ ಬಿದಿರು ಸೀಳಿ ತಟ್ಟಿ ಹೆಣೆದು ಅಂಗಳದ ಒಂದು ಮೂಲೆಗೆ ಅಡ್ಡ ಕಟ್ಟಿದ. ದೇವಿ ಗದ್ದೆಗೆ ಹೋದರೆ ಕೋಳಿ ನೋಡುವ ಕೆಲಸ ಜಗಲಿಯ ಮೇಲಿನ ಸುಬ್ಬಿಯದಾಯಿತು.

ಮೊದಮೊದಲು ಹಳೆಯ ಕೋಳಿಗಳಲ್ಲೊಂದು ಕೆಂಪು ಹೇಂಟೆ ಮರಿಗಳನ್ನು ಕುಕ್ಕಲು ತಟ್ಟಿಗೆ ಎಗರುತ್ತಿತ್ತು. "ಇವತ್ತೂ ಹಾರ್ತು" ಎಂದು ಸುಬ್ಬಿ ದಿನಾ ಸಂಜೆ ವರದಿ ಒಪ್ಪಿಸುತ್ತಿದ್ದಳು. ಹನ್ನೊಂದನೆಯ ದಿನ ಮಾತು ಬದಲಾಯಿತು.

"ಇವತ್ತು ಕೆಂಪಿ ಹಾರ್ಲೇ ಇಲ್ಲ. ತಟ್ಟಿ ಬುಡದಲ್ಲಿ ಮಣ್ಣು ಕೆದ್ರಿ ಮಲಗಿತ್ತು. ಆಚೆ ಬದಿಗೆ ಮರೀನೂ ಮಲಗಿತ್ತು."

"ಹಾಂಗಾದ್ರೆ ನಾಳೆ ಬಿಡ್ವಾ, ಅತ್ತೆ?"

"ತಡಿ. ಮರಿ ಇನ್ನೂ ಸಣ್ಣವು. ಶನಿಯಾರ ಎಂತ ಹೇಳಿದ್ದ?"

ದೇವಿ ಅತ್ತೆಯ ಮುಖ ನೋಡಿದಳು. ಇನ್ನೂ ಮೂರು ವಾರ ಕಾದರು.

ಕೊನೆಗೆ ಒಂದು ಬೆಳಿಗ್ಗೆ ಶನಿಯಾರನನ್ನೂ ಕರೆದು ತಟ್ಟಿ ತೆಗೆದರು. ಕಾಳನ್ನು ಮೂರು ಕಡೆ ಚೆಲ್ಲಿದ್ದರು, ನೀರನ್ನು ಎರಡು ಕಡೆ ಇಟ್ಟಿದ್ದರು. ಮರಿಗಳು ನುಸುಳಿ ಅಡಗಲಿ ಎಂದು ಗೋಡೆಗೆ ತೆಂಗಿನ ಮಡಲು ಒರಗಿಸಿದ್ದರು. ಕೆಂಪು ಹೇಂಟೆ ಬಂದು ಒಂದು ಮರಿಗೆ ಕುಕ್ಕಿತು. ದೇವಿ ಕೋಲು ಹಿಡಿದು ಎದ್ದಳು.

"ಕೂತ್ಕೊ ತಂಗಿ," ಎಂದ ಶನಿಯಾರ. "ಒಂದೆರಡು ಕುಕ್ಕು ಕುಕ್ಕೇ ಕುಕ್ತದೆ. ರಕ್ತ ಬಂದ್ರೆ, ಬೆನ್ನು ಬಿಡ್ದೇ ಅಟ್ಟಿಸ್ಕೊಂಡು ಹೋದ್ರೆ ಆವಾಗ ಎತ್ತು."

ಮರಿ ಮಡಲಿನ ಹಿಂದೆ ಓಡಿತು. ಕೆಂಪು ಹೇಂಟೆ ಅತ್ತ ನೋಡಿ, ಕಾಳಿಗೆ ತಿರುಗಿತು. ಮೂರನೆಯ ಸಂಜೆ ನಾಲ್ಕೂ ಹೊಸ ಕೋಳಿಗಳು ತಾವಾಗಿಯೇ ಹಳೆಯ ಗೂಡಿಗೆ ಹತ್ತಿದವು. ಬೆಳಿಗ್ಗೆ ನಾಲ್ಕೂ ಇಳಿದು ಬಂದವು.

ಅಂಬಾಗೆ ಏಳು ತಿಂಗಳು ತುಂಬುವ ಹೊತ್ತಿಗೆ ಹೊಸ ಕೋಳಿಗಳು ಮೊಟ್ಟೆ ಇಡತೊಡಗಿದವು. ಮೊದಲನೆಯದನ್ನು ಸುಬ್ಬಿಯೇ ಸೆರಗಿನಲ್ಲಿ ಇಟ್ಟುಕೊಂಡು ತಂದಳು. "ಸಣ್ಣದು. ಆದ್ರೂ ಬಿಸಿ ಅದೆ ನೋಡು" ಎಂದು ಮೊಮ್ಮಗಳ ಕೈಗೆ ಕೊಟ್ಟಳು. ಮುಂದಿನ ತಿಂಗಳು ಡಾಕ್ಟರು ಮತ್ತೆ ರೆಪ್ಪೆ ಎಳೆದು ನೋಡಿ, "ಈಗ ಅಡ್ಡಿಲ್ಲ" ಎಂದರು.

ಕೋಳಿ ಸಾಕುವ ಅಕ್ಕ ತಂಗಿಯರೇ, ಹೊಸ ಮರಿ ಸಾಯುವುದು ಹಣೆಬರಹವಲ್ಲ, ನಮ್ಮ ಅವಸರ. ಒಂಟಿ ಮರಿ ತರಬೇಡಿ, ಅದಕ್ಕೆ ಜೊತೆ ಬೇಕು. ತಂದದ್ದನ್ನು ಮೊದಲು ದೂರ ಇಡಿ, ಆಮೇಲೆ ಕಣ್ಣಿಗೆ ಕಾಣುವಂತೆ ಇಡಿ, ಬೆಳೆದ ಮೇಲೆ ಹಗಲಲ್ಲಿ, ನೀವು ಎದುರಿಗಿರುವಾಗ ಬಿಡಿ. ಈ ವಾರ ಸಂತೆಗೆ ಹೊರಟಿದ್ದೀರಾ? ಹೊರಡುವ ಮೊದಲೇ ತಟ್ಟಿ ಕಟ್ಟಿಡಿ.