ಬೆನ್ನು ಬಡಿಯುವ ಹೊತ್ತು

ಮದ್ದೂರಿನ ಪೇಟೆ ಬೀದಿಯಲ್ಲಿ ಎಲ್ಲರ ಮನೆಯ ಕದ ತೆರೆದು, ಅಂಗಳಕ್ಕೆ ನೀರು ಬಿದ್ದು, ರಂಗೋಲಿ ಎಳೆದು ಮುಗಿದರೂ ಮಹದೇವಮ್ಮನ ಮನೆಯ ಕದ ಮಾತ್ರ ಮುಚ್ಚಿಯೇ ಇರುತ್ತಿತ್ತು. ಒಳಗಿನಿಂದ ಪಟಪಟ ಅಂತ ಒಂದು ಸದ್ದು ಬರುತ್ತಿತ್ತು. ಯಾರಾದರೂ ಕೇಳಿದರೆ ಅವಳು, "ರಾಗಿ ಕೇರ್ತಿದ್ದೆ ಕಣಮ್ಮ" ಅನ್ನುತ್ತಿದ್ದಳು. ದಿನಾ ಬೆಳಗಾದರೆ ರಾಗಿ ಕೇರುವಷ್ಟು ದೊಡ್ಡ ಸಂಸಾರವಲ್ಲ ಅದು. ತಾಯಿ, ಮಗ, ಇಬ್ಬರೇ.

ಒಳಗೆ ಮಗ ಸಿದ್ದರಾಮು ಹಗ್ಗದ ಮಂಚದ ಅಂಚಿನಲ್ಲಿ ಬೋರಲು ಮಲಗಿ, ಸೊಂಟದಿಂದ ಮೇಲಿನದನ್ನೆಲ್ಲ ನೆಲದತ್ತ ಇಳಿಬಿಟ್ಟಿರುತ್ತಿದ್ದ. ತಾಯಿ ಅಂಗೈಯನ್ನು ಬಟ್ಟಲಿನಂತೆ ಬಾಗಿಸಿ ಅವನ ಪಕ್ಕೆ, ಬೆನ್ನು ಬಡಿಯುತ್ತಿದ್ದಳು. ಎದೆಯ ತಳದಲ್ಲಿ ಅಂಟಿನ ಹಾಗೆ ಕೂತ ಕಫ ಕದಲಬೇಕು, ಜಾರಬೇಕು, ಕೆಮ್ಮಿಗೆ ಸಿಗಬೇಕು, ಬೂದಿ ಹಾಕಿಟ್ಟ ಮುಚ್ಚಳದ ಡಬ್ಬಿಗೆ ಬೀಳಬೇಕು. ಆಮೇಲೆಯೇ ಅವನು ಎದ್ದು ಕೂತು ಮನುಷ್ಯನಂತೆ ಉಸಿರಾಡುತ್ತಿದ್ದುದು. ಇದನ್ನು ಯಾವ ಡಾಕ್ಟರೂ ಹೇಳಿಕೊಟ್ಟಿರಲಿಲ್ಲ. ಅವನು ಹುಡುಗನಾಗಿದ್ದಾಗ ಹುಣಸೆಮರದ ಕೊಂಬೆಗೆ ಬಾವಲಿಯ ಹಾಗೆ ತಲೆಕೆಳಗಾಗಿ ಜೋತುಬಿದ್ದು ಆಡುತ್ತಿದ್ದಾಗ ಒಂದು ದಿನ ಬಾಯಿತುಂಬ ಕಫ ಬಂದಿತ್ತು. ಅವತ್ತು ರಾತ್ರಿ ಅವನು ಒಂದೇ ನಿದ್ದೆ ಮಾಡಿದ. ಮಹದೇವಮ್ಮ ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು.

ಹುಟ್ಟಿದಾಗಲೇ ಅವನಿಗೆ ಮುತ್ತು ಕೊಟ್ಟರೆ ತುಟಿಗೆ ಉಪ್ಪು ಹತ್ತುತ್ತಿತ್ತು. ಅವನಿಗಿಂತ ಮೊದಲು ಹುಟ್ಟಿದ್ದ ಮಗುವಿಗೂ ಹಾಗೇ. ಅದು ಅಂಬೆಗಾಲಿಡುವುದರೊಳಗೆ ಹೋಗಿಬಿಟ್ಟಿತ್ತು. ಇವನು ಉಳಿದ. ಮೂರಾಳಿನ ಮುದ್ದೆ ತಿಂದರೂ ಮೈಗೆ ಹತ್ತದೆ, ಬಿಸಿಲಲ್ಲಿ ಬೆವೆತರೆ ಅಂಗಿಯ ಮೇಲೆ ಬಿಳಿ ಗೆರೆ ಮೂಡಿಸಿಕೊಂಡು, ಕೆಮ್ಮಿಕೊಂಡೇ ಉಳಿದ. ಮಂಡ್ಯದ ಆಸ್ಪತ್ರೆಯ ಡಾಕ್ಟರು ಕಫವನ್ನು ಪರೀಕ್ಷೆ ಮಾಡಿಸಿ, "ಕ್ಷಯ ಅಲ್ಲಪ್ಪ. ಯಾರಿಗೂ ಅಂಟೋದೂ ಅಲ್ಲ. ಆದರೆ ಏನು ಅಂತ ಕೇಳಿದರೆ ನನಗೂ ಗೊತ್ತಿಲ್ಲ" ಎಂದಿದ್ದರು. ಕ್ಷಯಕ್ಕಾದರೂ ಒಂದು ಹೆಸರಿದೆ. ಹೆಸರೇ ಇಲ್ಲದ ಕಾಯಿಲೆಯನ್ನು ಯಾರಿಗೆ ಹೇಳಿ ನಂಬಿಸುವುದು? ತಾಯಿ ಮಗ ಇಬ್ಬರೂ ಹೇಳುವುದನ್ನೇ ಬಿಟ್ಟು ಕದ ಮುಚ್ಚಿಕೊಂಡರು.

ಸಿದ್ದರಾಮು ಮದ್ದೂರು–ಮಳವಳ್ಳಿ ಬಸ್ಸಿನ ಕಂಡಕ್ಟರ್. ಎರಡನೇ ಮಹಾಯುದ್ಧದ ದೆಸೆಯಿಂದ ಪೆಟ್ರೋಲ್ ಸಿಗದೆ ಬಸ್ಸುಗಳೆಲ್ಲ ಇದ್ದಿಲಿಗೆ ತಿರುಗಿದ್ದ ಕಾಲ ಅದು. ಬಸ್ಸಿನ ಬೆನ್ನಿಗೆ ಆಳೆತ್ತರದ ಒಂದು ಒಲೆ. ಅದಕ್ಕೆ ಇದ್ದಿಲು ಸುರಿದು, ಬೆಂಕಿ ಕೊಟ್ಟು, ಗಾಳಿಯ ಚಕ್ರವನ್ನು ಕೈಯಿಂದ ತಿರುಗಿಸುತ್ತಾ ನಿಂತರೆ ಎಷ್ಟೋ ಹೊತ್ತಿಗೆ ಹೊಗೆ ಹದಕ್ಕೆ ಬಂದು ಇಂಜಿನ್ನು ಗುರ್ ಅನ್ನುತ್ತಿತ್ತು. ಹೊಗೆ ಇಂಜಿನ್ನಿಗೆ ಹೋಗುವ ದಾರಿಯಲ್ಲಿ ತೆಂಗಿನ ನಾರು ತುಂಬಿದ ಒಂದು ಪೆಟ್ಟಿಗೆ. ಮಸಿಯೆಲ್ಲ ಆ ನಾರಿಗೆ ಹಿಡಿಯುತ್ತಿತ್ತು. ದಿನಾ ಸಂಜೆ ನಾರನ್ನು ಹೊರಗೆ ತೆಗೆದು ಬಡಿದು ಕೊಡವಬೇಕು. ಇಲ್ಲದಿದ್ದರೆ ಬಸ್ಸಿಗೆ ಉಸಿರು ಕಟ್ಟುತ್ತಿತ್ತು.

ಈ ಕೆಲಸ ಬಿಟ್ಟು ಮನೆಯಲ್ಲಿ ಕೂತಿರು ಎಂದು ತಾಯಿ ಎಷ್ಟೋ ಸಲ ಹೇಳಿದ್ದಳು. ಮನೆಯಲ್ಲಿ ಕೂತರೆ ಅವನು ಕಾಯಿಲೆಯವನು. ಬಸ್ಸಿನ ಬಾಗಿಲಲ್ಲಿ ಒಂದು ಕಾಲು ಊರಿ, ಕಬ್ಬಿನ ಗದ್ದೆಯ ತಂಪು ಗಾಳಿಗೆ ಎದೆ ಕೊಟ್ಟು ನಿಂತರೆ ಅವನು ಕಂಡಕ್ಟರ್. ಈ ಎರಡರ ನಡುವೆ ಎಷ್ಟು ದೂರವಿದೆ ಎಂದು ಅವನಿಗೆ ಮಾತಿನಲ್ಲಿ ಹೇಳಲು ಬರುತ್ತಿರಲಿಲ್ಲ.

ತೊಂದರೆ ಶುರುವಾದದ್ದು ಒಂದು ಕಾಸಿನಿಂದ. ಮಳವಳ್ಳಿಯ ಸ್ಕೂಲಿಗೆ ದಿನಾ ಹೋಗಿಬರುತ್ತಿದ್ದ ಕಸ್ತೂರಿರಂಗ ಮೇಷ್ಟ್ರು ಒಂದು ದಿನ ಟಿಕೆಟ್ಟಿನ ದುಡ್ಡನ್ನು ಅವನ ಕೈಗೆ ಕೊಡದೆ ಪಕ್ಕದ ಹಲಗೆಯ ಮೇಲೆ ಇಟ್ಟರು. ಹಿಂದಿನ ದಿನ ಅವನು ಅವರ ಸೀಟಿನ ಹತ್ತಿರವೇ ನಿಂತು ಕೆಮ್ಮಿದ್ದ. ಮೇಷ್ಟ್ರ ಮೊದಲ ಹೆಂಡತಿ ಕ್ಷಯದಲ್ಲಿ ತೀರಿಕೊಂಡದ್ದು ಊರಿಗೇ ಗೊತ್ತು. ಅವರ ಭಯದ ಮೇಲೆ ಸಿದ್ದರಾಮುವಿಗೆ ಸಿಟ್ಟು ಬರಲಿಲ್ಲ, ಹಲಗೆಯ ಮೇಲಿನ ಕಾಸಿನ ಮೇಲೆ ಬಂತು. ಆದರೂ ಎತ್ತಿಕೊಂಡ. ಮರುದಿನ ಇನ್ನಿಬ್ಬರು ಹಲಗೆಯ ಮೇಲಿಟ್ಟರು. ಆಮೇಲೆ ಅರ್ಧ ಬಸ್ಸು.

ಬಸ್ಸಿನ ಧಣಿ ದೊಡ್ಡಸಿದ್ದಯ್ಯ ಕರೆಸಿದ.

"ನಿನ್ನ ಕೆಲಸದ ಮ್ಯಾಲೆ ನಂಗೇನೂ ದೂರಿಲ್ಲ ಕಣ್ಲಾ. ಆದ್ರೆ ಜನ ಇನ್ನೊಂದು ಬಸ್ಸು ಅತ್ತಕಂಡು ಓಯ್ತಾವ್ರೆ. ನೀನು ಇದ್ಲು ಸೆಡ್ಡಿಗೆ ಓಗು. ಮೂಟೆ ಕಟ್ಟು. ಸಂಬ್ಳ ಅಷ್ಟೇ ಕೊಡ್ತೀನಿ. ಅಲ್ಲಿ ನೀನು ಕೆಮ್ಮಿದ್ರೂ ಕೇಳೋರಿಲ್ಲ."

"ಆ ಧೂಳಲ್ಲಿ ನಾನು ದೀಪಾವಳಿ ಕಾಣಾಕಿಲ್ಲ ಬುದ್ದಿ."

"ಬಸ್ಸಲ್ಲೂ ಇದ್ಲೇ ಅಲ್ವೇನ್ಲಾ?"

"ಬಸ್ಸಲ್ಲಿ ಗಾಳಿ ಐತೆ."

ಧಣಿ ಕೆಟ್ಟವನಲ್ಲ. ತಲೆ ಕೆರೆದುಕೊಂಡ. ಅವನು ಏನಾದರೂ ಹೇಳುವ ಮೊದಲೇ ಸಿದ್ದರಾಮು, "ಬರೋ ಸಂತೆವರ್ಗೂ ನೋಡಿ. ಬಸ್ಸಲ್ಲಿ ಒಂದೇ ಒಂದು ಕೆಮ್ಮು ಕೆಮ್ಮಾಕಿಲ್ಲ. ಕೆಮ್ಮಿದ್ರೆ ನಾನೇ ಸೆಡ್ಡಿಗೆ ಓಯ್ತೀನಿ" ಎಂದುಬಿಟ್ಟ. ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವನಿಗೇ ದಿಗಿಲಾಯಿತು.

ಮಾರನೆಯ ಬೆಳಗ್ಗೆ ಮಹದೇವಮ್ಮ ಮಂಚ ಎಳೆದು ಸಿದ್ಧ ಮಾಡಿದರೆ ಅವನು ಅಂಗಿ ತೊಟ್ಟುಕೊಂಡು ನಿಂತಿದ್ದ.

"ಬ್ಯಾಡ ಬುಡವ್ವ. ಕಲಕಿದ್ರೆ ತಾನೆ ಅದು ಏಳೋದು? ಒಂದ್ ವಾರ ಅದರ ಪಾಡಿಗೆ ಬಿದ್ದಿರ್ಲಿ."

"ಗುಂಡಿ ನೀರೇನ್ಲಾ ಅದು, ಕಲಕದೆ ಬುಟ್ರೆ ತಿಳಿಯಾಗಾಕೆ?" ಎಂದಳು ಅವಳು. ಅವನು ಹೊರಟುಹೋದ.

ಮೊದಮೊದಲು ಅವನೇ ಗೆದ್ದ ಹಾಗೆ ಕಂಡಿತು. ಕೆಮ್ಮು ಗಂಟಲಿಗೆ ಬಂದರೆ ಉಗುಳು ನುಂಗಿ ಕೆಳಗೆ ತಳ್ಳುತ್ತಿದ್ದ. ಕಣ್ಣಲ್ಲಿ ನೀರು ಬಂದರೆ ಹೊರಗಿನ ಗದ್ದೆ ನೋಡುತ್ತಿದ್ದ. ಮಾತು ಕಡಿಮೆ ಮಾಡಿದ. ಯಾವಾಗಲೂ ಬಸ್ಸಿನಲ್ಲಿ ಮಾತಿಗೆ ಮಾತು ಕೊಡುತ್ತಿದ್ದವನು ಈಗ ಬರೀ ಸೀಟಿ ಊದುತ್ತಿದ್ದ. ವೀಳ್ಯದೆಲೆಯ ಪೆಂಡಿ ಹೊತ್ತು ಮಳವಳ್ಳಿಗೆ ಹೋಗುತ್ತಿದ್ದ ಚಲುವಮ್ಮ, "ಏನ್ಲಾ ಸಿದ್ದ, ನಾಲಗೇನ ಮನೇಲಿ ಅಡವಿಟ್ಟು ಬಂದಿದ್ದೀಯ?" ಎಂದು ಕೆಣಕಿದಳು. ಅವನು ನಕ್ಕು ಮುಂದಿನ ಸೀಟಿನತ್ತ ಹೋದ. ನಾಲ್ಕಾರು ಜನ ಮತ್ತೆ ಕೈಗೇ ಕಾಸು ಕೊಟ್ಟರು. ಮೇಷ್ಟ್ರು ಮಾತ್ರ ಹಲಗೆ ಬಿಡಲಿಲ್ಲ. ಕಾಸಿನ ತಣ್ಣನೆಯ ಸ್ಪರ್ಶ ಅಂಗೈಗೆ ಸಿಕ್ಕಾಗ ಅವನಿಗೆ ಆದ ಸಂತೋಷ ಅವನನ್ನೇ ನಾಚಿಸಿತು. ಇಷ್ಟಕ್ಕಾಗಿಯೇ ತಾನು ಉಸಿರನ್ನು ಒತ್ತೆಯಿಟ್ಟದ್ದು?

ಆಮೇಲೆ ಜ್ವರ ಬಂತು. ಎದೆಯ ಒಂದು ಪಕ್ಕದಲ್ಲಿ ಯಾರೋ ಕಲ್ಲು ತುಂಬಿದಂತಾಯಿತು. ಗಾಳಿಚಕ್ರ ತಿರುಗಿಸುವಾಗ ನಡುನಡುವೆ ನಿಲ್ಲಿಸಿ ಒಲೆಗೆ ಒರಗುತ್ತಿದ್ದ. ಡ್ರೈವರ್ ಅಂಕಯ್ಯ ಬೀಡಿ ಬಾಯಲ್ಲಿಟ್ಟುಕೊಂಡು ನೋಡುತ್ತಿದ್ದ; ಅವನಿಗೆ ಎಲ್ಲ ಗೊತ್ತಿತ್ತು, ಕೇಳುತ್ತಿರಲಿಲ್ಲ. ಒಂದು ಸಂಜೆ ಸಿದ್ದರಾಮುವಿಗೆ ನಾರಿನ ಪೆಟ್ಟಿಗೆ ಬಿಚ್ಚಲೂ ಕೈಲಾಗಲಿಲ್ಲ. ನಾಳೆ ಬೆಳಗ್ಗೆ ಕೊಡವಿದರಾಯಿತು ಎಂದು ಮನೆಗೆ ಹೋದ. ಬೆಳಗ್ಗೆ ಮರೆತ. ಅವತ್ತೇ ಸಂತೆಯ ದಿನ.

ಬಸ್ಸು ಕಿಕ್ಕಿರಿದಿತ್ತು. ಕಾಳಮುದ್ದನದೊಡ್ಡಿ ದಾಟಿ ಏರು ಸಿಗುತ್ತಲೇ ಇಂಜಿನ್ನು ಎರಡು ಸಲ ಬಿಕ್ಕಿ, ಕರಿ ಹೊಗೆ ಕಕ್ಕಿ, ಒಂದು ಮೋರಿಯ ಹತ್ತಿರ ನಿಂತೇಬಿಟ್ಟಿತು. ಎಲ್ಲರೂ ಇಳಿದರು. ಅಂಕಯ್ಯ ಪೆಟ್ಟಿಗೆ ಬಿಚ್ಚಿದ. ನಾರು ಮಸಿಯಲ್ಲಿ ಕಟ್ಟಿ ಕಲ್ಲಾಗಿತ್ತು.

"ನೆನ್ನೆ ಕೊಡವನಿಲ್ವೇನ್ಲಾ?"

ಸಿದ್ದರಾಮು ಇಲ್ಲವೆಂದು ತಲೆಯಾಡಿಸಿದ. ಚದುರಿದ ಜನರನ್ನು ಒಂದು ಕಡೆ ಸೇರಿಸಲು ಸೀಟಿ ಬಾಯಿಗಿಟ್ಟುಕೊಂಡ. ಸೀಟಿಯಿಂದ ಸದ್ದು ಬರಲಿಲ್ಲ. ಬರೀ ಗಾಳಿ ಸುಯ್ಯೆಂದಿತು. ಮತ್ತೆ ಊದಿದ. ಕಣ್ಣು ಕತ್ತಲೆ ಬಂತು. ಒಳಗೆ ಇಳಿಯುವ ಉಸಿರು ಗಂಟಲಲ್ಲೇ ನಿಂತಿತು. ಎದುರಿಗೆ ಮೇಷ್ಟ್ರು, ಸಂತೆಯ ಜನ, ಬುಟ್ಟಿಗಳು, ಕೋಳಿಗಳು. ಕೆಮ್ಮಿದರೆ ಕೆಲಸ ಹೋಗುತ್ತದೆ. ಕೆಮ್ಮದಿದ್ದರೆ ತಾನೇ ಹೋಗುತ್ತೇನೆ. ಆಗ ಅವನಿಗೆ ಬಂದದ್ದು ಹೆದರಿಕೆಯಲ್ಲ, ಸಿಟ್ಟು. ಯಾರ ಮೇಲೆ ಎಂದೂ ಗೊತ್ತಿಲ್ಲದ, ಹುಟ್ಟಿದ ದಿನದಿಂದ ಕೂಡಿಟ್ಟ ಸಿಟ್ಟು.

ಸೀಟಿಯನ್ನು ಜೇಬಿಗಿಟ್ಟ. ಅಂಗಿ ಬಿಚ್ಚಿ ಮೋರಿಯ ಕಟ್ಟೆಯ ಮೇಲೆ ಹಾಸಿ, ಅದರ ಮೇಲೆ ಬೋರಲು ಬಿದ್ದು ತಲೆಯನ್ನು ಕಾಲುವೆಯ ಕಡೆಗೆ ಇಳಿಬಿಟ್ಟ.

"ಅಂಕಣ್ಣ, ಬೆನ್ನು ಬಡಿ."

"ಇಲ್ಲೇನ್ಲಾ?"

"ಇಲ್ಲೇ. ಕೈ ಬಟ್ಲು ಮಾಡ್ಕಂಡು ಬಡಿ. ಕೆಳಗಿಂದ."

ಅಂಕಯ್ಯ ಬೀಡಿ ಎಸೆದ. ಮಸಿ ಮೆತ್ತಿದ ಎರಡೂ ಕೈಯಿಂದ ಬಡಿಯತೊಡಗಿದ. ಆ ಬಿಳಿಚಿದ, ಎಲುಬು ಎಣಿಸಬಹುದಾದ ಬೆನ್ನಿನ ಮೇಲೆ ಕಪ್ಪು ಅಂಗೈಗಳ ಗುರುತುಗಳು ಒಂದರ ಮೇಲೊಂದು ಬಿದ್ದವು. ಜನ ಸುತ್ತ ನೆರೆದರು. ಬುಟ್ಟಿಯ ಕೋಳಿಗಳು ಕೊಕ್ಕೊಕ್ಕೊ ಅನ್ನುತ್ತಿದ್ದವು. ಮೊದಲ ಕೆಮ್ಮು ಬರಲು ಬಹಳ ಹೊತ್ತು ಹಿಡಿಯಿತು. ಬಂದ ಮೇಲೆ ನಿಲ್ಲಲಿಲ್ಲ. ಒಂದು ವಾರದ ಕೆಮ್ಮೆಲ್ಲ ಸಾಲುಗಟ್ಟಿ ಬಂತು. ಅವನು ಮುಖ ಮರೆ ಮಾಡಿಕೊಳ್ಳಲಿಲ್ಲ.

ಎದ್ದು ಕೂತಾಗ ಬೆವರು ಇಳಿದು ಕಣ್ಣಿಗೆ ಉರಿಯುತ್ತಿತ್ತು. ಕಾಲಿನಿಂದ ಮಣ್ಣು ದಬ್ಬಿ ಕೆಳಗೆ ಬಿದ್ದದ್ದನ್ನು ಮುಚ್ಚಿದ. ಯಾರೋ ಹಿಂದಿನಿಂದ, "ಕಂಡಕ್ಟ್ರು ನಿಂತೋದ್ರೆ ಬಸ್ಸೆಂಗೆ ಓದಾತು?" ಅಂದರು.

"ಬಸ್ಸೂ ನಿಂತೇ ಐತಲ್ಲ!" ಎಂದಳು ಚಲುವಮ್ಮ. "ಅದು ಕೆಮ್ಮಿದ್ರೆ ಎಲ್ಲಾ ಇಳಿದು ತಳ್ತೀರಿ. ಅವನು ಕೆಮ್ಮಿದ್ರೆ ಅವನನ್ನೇ ಇಳಿಸ್ತೀರ?"

ಸಿದ್ದರಾಮು ಅಂಗಿ ತೊಟ್ಟುಕೊಂಡ. ಪೆಟ್ಟಿಗೆಯ ನಾರನ್ನು ಎಳೆದುಕೊಂಡು ಅದೇ ಕಟ್ಟೆಗೆ ಬಡಿದು ಕೊಡವತೊಡಗಿದ. ಅಂಕಯ್ಯ ಒಲೆ ಕೆದಕಿದ. ಬಸ್ಸು ಹೊರಟಾಗ ಸಂತೆ ಕೂಡಿ ಎಷ್ಟೋ ಹೊತ್ತಾಗಿತ್ತು. ಮೇಷ್ಟ್ರು ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ಸಂಜೆ ಅವನೇ ಧಣಿಯ ಮುಂದೆ ಹೋಗಿ ನಿಂತ.

"ಕೆಮ್ಮಿದೆ ಬುದ್ದಿ."

"ಗೊತ್ತಾಯ್ತು. ಸಂತೆ ಜನ ಎಲ್ಲಾ ಅದನ್ನೇ ಏಳ್ತಾವ್ರೆ," ಎಂದ ದೊಡ್ಡಸಿದ್ದಯ್ಯ. "ಮಾತು ನಿಂದೇ ಕಣ್ಲಾ. ನಾನು ಕೇಳಿರ್ನಿಲ್ಲ."

"ಔದು. ತಪ್ಪು ಮಾತಾಡ್ದೆ. ಕೆಮ್ಮದೆ ಇರಾಕೆ ನನ್ ಕೈಲಾಗಾಕಿಲ್ಲ. ಕೆಲಸ ಮಾಡಾಕಾಯ್ತದೆ. ನಾಳೆ ಬೆಳಿಗ್ಗೆ ಬಸ್ಸಿನ ಅತ್ರಾನೇ ಬತ್ತೀನಿ, ಸೆಡ್ಡಿಗೆ ಓಗಾಕಿಲ್ಲ. ಬ್ಯಾಡ ಅಂತಿದ್ರೆ ಜನದ ಮುಂದೆ ನೀವೇ ಇಳ್ಸಿ."

ಧಣಿ ಅವನನ್ನೇ ನೋಡಿದ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಮರುದಿನ ಮಹದೇವಮ್ಮ ಎಂದಿನಂತೆ ಕದದ ಅಗುಳಿ ಹಾಕಲು ಹೋದಳು. ಸಿದ್ದರಾಮು ಮಂಚವನ್ನು ತಲೆಯ ಮೇಲೆ ಹೊತ್ತು ನಿಂತಿದ್ದ.

"ಎಲ್ಲಿಗ್ಲಾ?"

"ಬಸ್ಟ್ಯಾಂಡಿಗೆ. ನೀನೂ ಬಾ. ಒಲೆ ಕಾಯೋವರ್ಗೂ ಅಲ್ಲಿ ನಂಗೆ ಬೇರೆ ಕೆಲಸಿಲ್ಲ. ಅಂಕಣ್ಣ ಚಕ್ರ ತಿರುಗುಸ್ತಾನೆ, ನೀನು ಬಡಿ."

"ಬೀದೀಲಾ? ನಾಲ್ಕು ಜನದ ಮುಂದೆ? ನಿಂಗೇನ್ ತಲೆ ಕೆಟ್ಟೈತಾ?"

"ಇಷ್ಟು ವರ್ಸ ಕದ ಮುಚ್ಕಂಡಿದ್ದಕ್ಕೇ ಕಣವ್ವ ಕೆಟ್ಟಿದ್ದು. ಏನೋ ಮುಚ್ಚಿಟ್ಟವ್ರೆ ಅಂದ್ರೆ ಜನ ಕ್ಷಯ ಅನ್ನದೆ ಇನ್ನೇನಂದಾರು?"

ಅವಳು ಹಿಡಿದಿದ್ದ ಅಗುಳಿಯನ್ನು ಬಿಟ್ಟಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೂದಿ ಡಬ್ಬಿ ಕೈಗೆತ್ತಿಕೊಂಡಳು.

ಬಸ್ ನಿಲ್ದಾಣದಲ್ಲಿ, ಉರಿಯುವ ಒಲೆಯಿಂದ ನಾಲ್ಕು ಮಾರು ಆಚೆಗೆ, ಗಾಳಿ ಬೀಸುವ ಕಡೆಗೆ ಮಂಚ ಹಾಕಿದರು. ಚಕ್ರದ ಗುಂಯ್‌ಗುಡುವಿಕೆ ಒಂದು ಕಡೆ, ತಾಯಿಯ ಅಂಗೈ ಸದ್ದು ಒಂದು ಕಡೆ. ಬಂದವರು ನೋಡಿದರು. ಕೆಲವರು ದೂರ ಸರಿದರು. ಒಬ್ಬ, "ಯಾವ ದೇವ್ರಿಗೆ ಅರಕೆ ಕಣವ್ವ ಇದು?" ಎಂದು ಕೇಳಿದ. "ಉಸ್ರಿಗೆ ಕಣಪ್ಪ," ಎಂದಳು ಮಹದೇವಮ್ಮ, ಬಡಿಯುವುದನ್ನು ನಿಲ್ಲಿಸದೆ.

ಡಬ್ಬಿಯ ಮುಚ್ಚಳ ಹಾಕಿ, ಕೈ ತೊಳೆದು, ಅಂಗಿ ತೊಟ್ಟು ಸಿದ್ದರಾಮು ಬಸ್ಸು ಹತ್ತಿದ. ಒಬ್ಬೊಬ್ಬರೇ ದುಡ್ಡು ಕೊಟ್ಟರು, ಕೆಲವರು ಕೈಗೆ, ಕೆಲವರು ಬೆರಳ ತುದಿಯಿಂದ. ಮೇಷ್ಟ್ರು ಹಲಗೆಯ ಮೇಲಿಟ್ಟರು.

ಅವನು ಎತ್ತಿಕೊಳ್ಳಲಿಲ್ಲ. ಅಂಗೈ ಚಾಚಿ ನಿಂತ. ಇಂಜಿನ್ನು ಗುರುಗುಟ್ಟುತ್ತಿತ್ತು. ಅಂಕಯ್ಯ ಸೀಟಿಗಾಗಿ ಕಾಯುತ್ತಿದ್ದ.

"ತಗೋಪ್ಪ, ಅಲ್ಲೇ ಇದೆಯಲ್ಲ," ಎಂದರು ಮೇಷ್ಟ್ರು.

"ಕೈಗೆ ಕೊಡಿ ಸ್ವಾಮಿ."

ನಿಲ್ದಾಣದ ಪಕ್ಕದ ತನ್ನ ಕಛೇರಿಯ ಬಾಗಿಲಲ್ಲಿ ನಿಂತಿದ್ದ ಧಣಿ ಕೂಗಿದ: "ಲೇ ಸಿದ್ದ, ಎತ್ಕಳ್ಳಲಾ. ಒತ್ತಾಗ್ತದೆ."

"ಎತ್ಕಳಾಕಿಲ್ಲ ಬುದ್ದಿ."

ಯಾರೂ ಮಾತಾಡಲಿಲ್ಲ. ಸಿದ್ದರಾಮು ಚಿಕ್ಕಂದಿನಿಂದ ಕಂಡ ಮೌನಗಳೆಲ್ಲ ಅವನನ್ನು ಹೊರಗಿಟ್ಟು ಮುಚ್ಚಿಕೊಂಡಂಥವು. ಇದೊಂದು ಮೌನವನ್ನು ಅವನೇ ಮಾಡಿದ್ದ, ಮುಗಿಯಲಿ ಎಂಬ ಆತುರ ಅವನಿಗಿರಲಿಲ್ಲ.

"ಮೇಷ್ಟ್ರೇ, ನನ್ನೆಲೆ ಬಾಡ್ತಾವೆ," ಎಂದಳು ಚಲುವಮ್ಮ ಕೊನೆಗೆ.

ಮೇಷ್ಟ್ರು ಅವನ ಮುಖ ನೋಡಿದರು. ಬಹುಶಃ ಮೊದಲ ಸಲ. ಹಲಗೆಯ ಮೇಲಿನ ಕಾಸನ್ನು ಎತ್ತಿ ಅವನ ಅಂಗೈಯಲ್ಲಿಟ್ಟರು. ಬೆರಳು ತಾಕಿತು. ಕೂಡಲೇ ಕೈಯನ್ನು ಪಂಚೆಗೆ ಒರೆಸಿಕೊಂಡರು. ಒರೆಸಿಕೊಳ್ಳಲಿ. ನಾಳೆಯೂ ಕೊಡಬೇಕಲ್ಲ.

ಸಿದ್ದರಾಮು ಧಣಿಯ ಕಡೆ ತಿರುಗಿ, ಇಳಿಸುವುದಾದರೆ ಈಗಲೇ ಎನ್ನುವಂತೆ ನಿಂತ. ದೊಡ್ಡಸಿದ್ದಯ್ಯ ಮಂಚವನ್ನೂ ಮಹದೇವಮ್ಮನನ್ನೂ ಒಂದು ಸಲ ನೋಡಿ, "ಆ ಮಂಚಾನ ನೆಳ್ಳಿಗಾದ್ರೂ ಎಳೀರ್ಲಾ!" ಎಂದು ಗದರಿ ಒಳಗೆ ಹೋದ.

ಸಿದ್ದರಾಮು ಎದೆ ತುಂಬ ಉಸಿರೆಳೆದು ಸೀಟಿ ಊದಿದ. ಈ ಸಲ ಅದು ಶಿಂಷೆಯ ಆಚೆ ದಡಕ್ಕೂ ಕೇಳಿಸಿತು.