ಟಾಂಕಿ ತುಂಬಿದ ಸುದ್ದಿ

ಮಹಡಿಯ ಮೇಲಿನ ನೀರಿನ ಟಾಂಕಿ ತುಂಬಿತೆಂದು ಕೆಳಗೆ ಕೂಗಿ ಹೇಳುವ ವೈರ್‌ಲೆಸ್ ಸೆನ್ಸರನ್ನು ಕೊಳ್ಳುವುದೋ, ಕೈಯಾರೆ ಮಾಡುವುದೋ ಎಂದು ವಡೋದರಾದಲ್ಲಿ ಮನೆ ಮಾಡಿದ್ದ ಧಾರವಾಡದ ವಾಮನರಾಯರು ೨೦೦೩ರ ಚಳಿಗಾಲವಿಡೀ ತೂಗಿದರು. ಅಲ್ಲಿನ ಕಾರ್ಖಾನೆಯಲ್ಲಿ ಆನೆಗಾತ್ರದ ಟಾಂಕಿಗಳನ್ನು ಕಾಯುವ ಇಂಜಿನಿಯರಿಗೆ ಮನೆಯ ಸಾವಿರ ಲೀಟರು ಬಗ್ಗಲಿಲ್ಲ ಎಂದು ಹೆಂಡತಿ ವೇದಾ ಮೂಗು ಮುರಿದಳು.

ಕೊನೆಗೆ ಅವರು ಸೋಪಿನ ಡಬ್ಬಿಯಲ್ಲಿ ಒಂದನ್ನು ಮಾಡಿದರು, ಅಹಮದಾಬಾದಿನಿಂದ ಇನ್ನೊಂದನ್ನು ಕೊಂಡೂ ತಂದರು. ಒಂದೊಂದೇ ಇಟ್ಟಾಗ ಎರಡೂ ಚೆನ್ನಾಗಿಯೇ ಕೂಗಿದವು. ಅಷ್ಟಕ್ಕೇ ಬಿಟ್ಟರೆ ಅವರು ಇಂಜಿನಿಯರು ಹೇಗಾದಾರು? ಯಾವುದು ಮೊದಲು ಕೂಗುತ್ತದೋ ನೋಡಲು ಭಾನುವಾರ ಬೆಳಿಗ್ಗೆ ಎರಡನ್ನೂ ಒಟ್ಟಿಗೇ ಟಾಂಕಿಗೆ ಕಟ್ಟಿ, ಮೋಟರ್ ಹಾಕಿ, ಕೆಳಗೆ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಗೀಚಿ ಕೂತರು.

ಎರಡೂ ತುಟಿಪಿಟಕ್ಕೆನ್ನಲಿಲ್ಲ. ಕೂಗಿದವರು ಇವರ ಮಹಡಿಯ ಮೇಲೆ ಹಪ್ಪಳ ಒಣಹಾಕಿದ್ದ ಪಕ್ಕದ ಮನೆಯ ಚಂಪಾಬೆನ್. "ವೇದಾಬೆನ್, ಟಾಂಕಿ ಭರಾಯಿ ಗಯಿ."

ಟಾಂಕಿ ತುಂಬಿತೆಂದು ಕೇಳಿದ್ದೇ ವೇದಾ ಓಡಿ ಮೋಟರ್ ಬಂದ್ ಮಾಡಿದಳು.

"ಎರಡೂ ಒಂದ ಫ್ರೀಕ್ವೆನ್ಸಿಯೊಳಗ ಅದಾವು," ರಾಯರು ಗಂಭೀರವಾಗಿ ಹೇಳಿದರು. "ಒಮ್ಮೆಲೇ ಒದರಿ ಒಂದಕ್ಕೊಂದು ಡಿಕ್ಕಿ ಹೊಡದ್ವು. ಒಂದರ ಮಾತೂ ಕೆಳಗ ಮುಟ್ಟಲಿಲ್ಲ."

"ಚಂಪಾಬೆನ್ನಗ ವೈರೂ ಇಲ್ಲ, ಸೆಲ್ಲೂ ಬ್ಯಾಡ. ಆದರೂ ಮಾತು ಮುಟ್ಟಿತು," ಎಂದಳು ವೇದಾ. "ಈಗ ಮ್ಯಾಲೆ ಹೋಗಿ ಟಾಂಕಿ ತುಂಬಿ ಹರಿದ ನೀರಾಗ ತೇಲೋ ಅವರ ಹಪ್ಪಳಾ ಎತ್ತಿಕೊಡ್ರಿ."

ರಾಯರು ಏಳಲಿಲ್ಲ. ನೋಟ್‌ಬುಕ್ಕಿನಲ್ಲಿ ಮೂರನೆಯ ಕಾಲಂ ಎಳೆಯುತ್ತ ಕೇಳಿದರು: "ಅವರು ಒದರಿದಾಗ ಕರೆಕ್ಟ್ ಟೈಮ್ ಎಷ್ಟಾಗಿತ್ತು?"