ತೊಳೆದ ಪೆಟ್ಟಿಗೆ

"ಯಾವ ದೆವ್ವ ಮೆಟ್ಕೊಂಡಿತ್ತೇ ನಿಂಗೆ? ಇದನ್ನ ತೊಳಿ ಅಂತ ಯಾರು ಹೇಳಿದ್ರು?"

"ಕಿರುಚಬೇಡ ಮಾರಾಯ, ಬೀದಿಯವರಿಗೆ ಪುಕ್ಕಟೆ ನಾಟಕ. ಮೀನಿಗೆ ಉಪ್ಪು ಹಾಕಿಡೋಕೆ ಪೆಟ್ಟಿಗೆ ಬೇಕಿತ್ತು."

ಮುದುಕ ಬ್ರಾಸ್ ತಲೆಯನ್ನು ಪೆಟ್ಟಿಗೆಯೊಳಗೆ ತೂರಿಸಿ ಮೂಸಿದ. ಬರೀ ಬೂದಿನೀರಿನ ವಾಸನೆ. ಗಂಡನ ಮುಖ ನೋಡಲಾರದೆ ಮೆಸಿಯಾ ಒಲೆಯ ಕಡೆ ತಿರುಗಿದಳು.

ಇಂಡಿಯಾಕ್ಕೆ ಹೋಗುವ ನಾವಿಕನಿಗೆ ಹಡಗಿನಲ್ಲಿ ಒಂದು ಪೆಟ್ಟಿಗೆಯಷ್ಟು ಜಾಗ. ಅದರಲ್ಲಿ ತಂದದ್ದೆಲ್ಲ ಅವನದೇ. ಬ್ರಾಸ್ ತರುತ್ತಿದ್ದದ್ದು ದಾಲ್ಚಿನ್ನಿ. ಅವನು ಮೊದಲ ಸಲ ಮರಳಿದ ದಿನ ಮೆಸಿಯಾ ಬರಿಗಾಲಲ್ಲಿ, ಹಡಗು ಬಂದು ನಿಲ್ಲುವ ತೇಜೊ ನದಿಯ ದಡಕ್ಕೆ ಓಡಿದ್ದಳು. ಡಾಂಬರು, ಬೆವರು, ಹೇನು, ಅದೆಲ್ಲವನ್ನೂ ಮೀರಿ ಅವನ ಮೈ ಘಮ್ಮೆನ್ನುತ್ತಿತ್ತು. "ಇವನೇನು ಗಂಡನೋ, ಹಬ್ಬದ ಕಜ್ಜಾಯವೋ?" ಎಂದು ಅವಳಮ್ಮ ನಕ್ಕಿದ್ದಳು. ಆ ರಾತ್ರಿ ಇಡೀ ಓಣಿಗೆ ಹಾಲು ಪಾಯಸ, ಮೇಲೆ ಕೈತುಂಬ ದಾಲ್ಚಿನ್ನಿ ಪುಡಿ. ಎಂಥ ಕಾಲ ಅದು! ಬೀದಿ ಕೊನೆಯ ಕುರುಡಿಯೂ ವಾಸನೆ ಹಿಡಿದು ಬಂದು ಎರಡು ಬಟ್ಟಲು ಉಂಡಿದ್ದಳು.

ದಾಲ್ಚಿನ್ನಿ ಮಾರಿಹೋಗಿ ವರ್ಷಗಳಾದರೂ ಹಲಗೆಗಳು ಆ ಘಮ ಬಿಟ್ಟಿರಲಿಲ್ಲ. ಬ್ರಾಸ್ ಸಂಜೆ ಮುಚ್ಚಳ ತೆಗೆದು ಅದರ ಮುಂದೆ ಕೂರುತ್ತಿದ್ದ. ಈಚೆಗೆ, ಮಾರ್ಚಿನಲ್ಲಿ ಇಂಡಿಯಾಕ್ಕೆ ಹೊರಡುವ ಹಡಗುಗಳು ಸಜ್ಜಾಗತೊಡಗಿದ ಮೇಲೆ, ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಮೆಸಿಯಾಗೆ ದಿಗಿಲು ಹತ್ತಿತು. ವಾಸನೆ ಹೋದರೆ ಹಡಗಿನ ಹುಚ್ಚೂ ಹೋದೀತೆಂದು ತೋಳು ಸೋಲುವ ತನಕ ತಿಕ್ಕಿದ್ದಳು.

"ಮೀನೆಲ್ಲಿ?" ಎಂದ ಬ್ರಾಸ್.

ಮನೆಯಲ್ಲಿ ಮೀನಿರಲಿಲ್ಲ. ಉಪ್ಪೂ ಒಂದು ಚಿಟಿಕೆ. ಅವಳು ಒಲೆಯ ಮುಂದೆ ಕೂತು ಸೌದೆ ಸರಿಸಿದಳು.

"ಗೊತ್ತಾಯ್ತು ಬಿಡು. ಅಲ್ವೇ ಪೆದ್ದಿ, ಇದರ ಮುಂದೆ ಕೂತ್ರೆ ಇಂಡಿಯಾಕ್ಕೆ ಹೋಗಿ ಬಂದಂಗೇ ಆಗ್ತಿತ್ತು. ಅದಕ್ಕೇ ಮನೇಲಿದ್ದೆ."

"ಈ ವಯಸ್ಸಲ್ಲಿ ಯಾರು ನಿನ್ನ ಹತ್ತಿಸ್ಕೊತಾರೆ? ಎದ್ರೆ ಮಂಡಿ ಕಟಕಟ ಅನ್ನತ್ತೆ!"

"ಹಾಯಿ ಹೊಲಿಯೋಕೆ ಮಂಡಿ ಬೇಡ, ಕೈ ಸಾಕು."

ಪೆಟ್ಟಿಗೆಯನ್ನು ಹೆಗಲಿಗೇರಿಸಿದ. ಬಾಗಿಲಲ್ಲಿ ಅದು ಸಿಕ್ಕಿಕೊಂಡಿತು. ಮೆಸಿಯಾ ಎದ್ದು ಬಂದಳು. ಹಿಡಿದು ಎಳೆಯುವುದಕ್ಕೆಂದೇ ಬಂದವಳು, ಯಾಕೋ ಓರೆ ಮಾಡಿ ಹೊರಗೆ ದಾಟಿಸಿಕೊಟ್ಟಳು.

"ತುಂಬಿಸ್ಕೊಂಡು ಬಾ. ಮೇರಿಯಮ್ಮನಾಣೆ, ಮತ್ತೆ ತೊಳೆಯಲ್ಲ."

ಬ್ರಾಸ್ ತಿರುಗಿ ನೋಡದೆ ಮೆಟ್ಟಿಲಿಳಿದ. ಮರುವರ್ಷ ಹಡಗುಗಳು ಬಂದವು, ದಡವೆಲ್ಲ ಘಮಘಮ. ಮೆಸಿಯಾ ಕಟ್ಟಕಡೆಯ ಪೆಟ್ಟಿಗೆ ಇಳಿಯುವವರೆಗೂ ನಿಂತಿದ್ದಳು; ಅದೂ ಬ್ರಾಸನದಲ್ಲ.